ಮೂಸುವ ಮೇಜು

ಪ್ರಯೋಗಾಲಯದ ಉತ್ತರದ ಗೋಡೆಯ ಬಳಿ ಒಂದು ಉದ್ದನೆಯ ಮೇಜಿತ್ತು. ಉಳಿದ ಮೇಜುಗಳ ಮೇಲೆ ಯಂತ್ರಗಳಿದ್ದವು. ಇದರ ಮೇಲೆ ಬಿಸಿನೀರಿನ ಒಂದು ತೊಟ್ಟಿ, ಗಾಜಿನ ಬಿರಡೆ ಹಾಕಿದ ಸೀಸೆಗಳು, ಮೇಜಿನ ಎರಡು ಬದಿಗೆ ಎದುರುಬದುರಾಗಿ ಎರಡು ಕುರ್ಚಿ, ಅಷ್ಟೆ. ಅದನ್ನು ಎಲ್ಲರೂ ಮೂಸುವ ಮೇಜು ಎನ್ನುತ್ತಿದ್ದರು. ಅಲ್ಲಿ ಕೂರುವಾಕೆ ಮೂಗು ಮೇಡಂ. ಆಕೆಗೆ ಐವತ್ತು ದಾಟಿತ್ತು, ಹೆಸರು ಹಿಡಿದು ಕರೆಯುವವರು ಕಾರ್ಖಾನೆಯಲ್ಲಿ ಯಾರೂ ಉಳಿದಿರಲಿಲ್ಲ.

ಸಿಲಿಕಾನ್ ಗಟ್ಟಿಗಳನ್ನು ಕೂದಲೆಳೆಯಂಥ ತಂತಿಯಿಂದ ಕೊಯ್ದು ಸೌರಫಲಕಗಳಿಗೆ ತೆಳುವಾದ ಬಿಲ್ಲೆ ಮಾಡುವುದು ಆ ಕಾರ್ಖಾನೆಯ ಕೆಲಸ. ಮರ ಕೊಯ್ದರೆ ಹೊಟ್ಟು ಬೀಳುವ ಹಾಗೆ ಇಲ್ಲೂ ಹೊಟ್ಟು ಬೀಳುತ್ತದೆ. ಗಟ್ಟಿಯ ಸುಮಾರು ಮೂರರಲ್ಲೊಂದು ಪಾಲು ಹೀಗೆ ಹೊಟ್ಟಾಗಿ, ಕೊಯ್ಯುವಾಗ ಸುರಿಯುವ ದ್ರವದ ಜೊತೆ ಬೆರೆತು ಬೂದುಬಣ್ಣದ ಕೆಸರಾಗುತ್ತದೆ. ಮೊದಲು ಅದನ್ನು ಪೀಪಾಯಿಗೆ ತುಂಬಿ ಗುಂಡಿಗೆ ಸುರಿಯುತ್ತಿದ್ದರು. ಈಗ ಈ ವಿಭಾಗದವರು ಅದನ್ನು ಕಾಸ್ಟಿಕ್ ಸೋಡಾದಲ್ಲಿ ಕರಗಿಸಿ, ಆಮ್ಲ ಹಾಕಿ, ಗಂಜಿಯ ಹಾಗೆ ಗಟ್ಟಿಯಾದದ್ದನ್ನು ತೊಳೆದು ಒಣಗಿಸುತ್ತಾರೆ. ಆಗ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಿರುವ ಬಿಳಿ ಕಾಳು ಸಿಗುತ್ತದೆ. ಆ ತೂತುಗಳೊಳಗೆ ಅಮೈನ್ ಎಂಬ ರಾಸಾಯನಿಕವನ್ನು ಅಂಟಿಸುತ್ತಾರೆ. ಅಂಥ ಕಾಳಿನ ನಡುವೆ ಗಾಳಿ ಹಾಯ್ದರೆ ಇಂಗಾಲದ ಡೈಆಕ್ಸೈಡ್ ಅಲ್ಲೇ ಸಿಕ್ಕಿಬೀಳುತ್ತದೆ. ಕಾಳನ್ನು ಬಿಸಿ ಮಾಡಿದರೆ ಬಿಟ್ಟುಕೊಡುತ್ತದೆ, ಅದನ್ನು ಸಿಲಿಂಡರಿಗೆ ತುಂಬಿಕೊಳ್ಳಬಹುದು, ಕಾಳು ಮತ್ತೆ ಕೆಲಸಕ್ಕೆ ಸಿದ್ಧ.

ತೊಂದರೆ ಒಂದೇ. ಸರಿಯಾಗಿ ಅಂಟದೆ ಉಳಿದ ಅಮೈನ್ ಕೊಳೆತ ಮೀನಿನ ಹಾಗೆ ನಾರುತ್ತದೆ. ಅದನ್ನು ಕಂಡುಹಿಡಿಯುವ ಯಂತ್ರ ಇನ್ನೊಂದು ಕಟ್ಟಡದಲ್ಲಿತ್ತು, ಅದಕ್ಕೆ ಎಲ್ಲ ವಿಭಾಗದವರ ಸರದಿ. ಹಾಗಾಗಿ ಪ್ರತಿ ಲೋಡಿನಿಂದ ಒಂದು ಹಿಡಿ ಕಾಳು ಸೀಸೆಗೆ ಹಾಕಿ, ಬಿಸಿನೀರಿನಲ್ಲಿಟ್ಟು, ಬಿರಡೆ ತೆಗೆದು ಮೂಸುವುದು ರೂಢಿ. ಮೂಗು ಮೇಡಂ ಒಮ್ಮೆ ಮೂಸಿದರೆ ಮುಗಿಯಿತು. "ಮೇಡಂ ಮೂಗು ಮುರಿದ್ರೆ ಲೋಡು ವಾಪಸ್," ಎಂದು ತೊಳೆಯುವ ತೊಟ್ಟಿಯವರು ಹೇಳುತ್ತಿದ್ದರು. ಎರಡು ವಿಭಾಗಗಳನ್ನು ಒಂದು ಮಾಡಿದಾಗ ಹಳೆಯ ಡಿಗ್ರಿಯವರನ್ನೆಲ್ಲ ಗೋದಾಮಿಗೋ ಪ್ಯಾಕಿಂಗಿಗೋ ಕಳಿಸಿದ್ದರು. ಆಕೆಯ ಡಿಗ್ರಿ ಎಲ್ಲರದಕ್ಕಿಂತ ಹಳೆಯದು. ಆಕೆಯನ್ನು ಉಳಿಸಿದ್ದು ಮೂಗು.

ಈಗ ಕೆಲವು ತಿಂಗಳಿಂದ ಆ ಮೂಗಿಗೆ ಏನೂ ತಿಳಿಯುತ್ತಿರಲಿಲ್ಲ.

ಒಂದು ಜ್ವರ ಬಂದಿತ್ತು, ನೆಗಡಿ ಜೊತೆಗೆ. ಜ್ವರ ಹೋಯಿತು, ನೆಗಡಿ ಹೋಯಿತು, ವಾಸನೆ ಮರಳಲಿಲ್ಲ. ರಜೆ ಮುಗಿಸಿ ಬಂದ ದಿನ ಬಿರಡೆ ತೆಗೆದು ಬಗ್ಗಿದಾಗ ಆಕೆ, ಸೀಸೆಗೆ ಕಾಳು ಹಾಕಲು ಯಾರೋ ಮರೆತಿದ್ದಾರೆಂದೇ ತಿಳಿದು ಒಳಗೆ ಇಣುಕಿದ್ದಳು. ಕಾಳಿತ್ತು. ಯಾರಿಗೂ ಹೇಳದೆ ಡಾಕ್ಟರ ಬಳಿ ಹೋದಾಗ ಅವರು, "ಬಂದ್ರೂ ಬರಬಹುದು, ಇಲ್ಲದಿದ್ರೂ ಇಲ್ಲ," ಎಂದಿದ್ದರು. ಮೂಗು ಹೋಯಿತೆಂದರೆ ಮೇಜು ಹೋಯಿತು. ಆಕೆ ಯೋಚಿಸಿದ್ದು ಅಷ್ಟೇ.

ಎದುರಿನ ಕುರ್ಚಿಯಲ್ಲಿ ಕೂರುವ ಸಹಾಯಕಿಗೆ ಕಡ್ಡಿ ಎಂದು ಅಡ್ಡಹೆಸರು. ಮದುವೆಯಾಗಿ ಐದಾರು ವರ್ಷವಾಗಿದ್ದರೂ ಗಾಳಿ ಬೀಸಿದರೆ ಹಾರಿಹೋಗುವ ಹಾಗಿದ್ದಳು. ಮೂಗು ಮೇಡಂ ಅವಳಿಗೆ ಒಂದು ದಿನ, "ನೀನೂ ಕಲೀಬೇಕಲ್ಲ, ಇನ್ಮೇಲೆ ಮೊದಲು ನೀನು ಮೂಸು, ಏನೂ ಹೇಳಬೇಡ, ಆಮೇಲೆ ನಾನು ನೋಡ್ತೀನಿ," ಎಂದಳು. ಕಡ್ಡಿಗೆ ಹಿಗ್ಗು.

"ನಿಜವಾಗ್ಲೂ ಅಕ್ಕ? ನನ್ನ ಮೂಗಿಗೂ ಬಡ್ತಿನಾ?"

"ಮೂಗಿಗೆ ಮಾತ್ರ. ಸಂಬಳಕ್ಕಲ್ಲ."

ಹೀಗೆ ಮೂಗು ಮೇಡಂ ಇನ್ನೊಬ್ಬಳ ಮುಖದಿಂದ ಮೂಸತೊಡಗಿದಳು. ಕಡ್ಡಿಯ ಮುಖ ಏನನ್ನೂ ಮುಚ್ಚಿಡುವ ಮುಖವಲ್ಲ. ಚೂರು ವಾಸನೆಯಿದ್ದರೆ ಎಡ ಹುಬ್ಬು ಏಳುತ್ತಿತ್ತು. ಹೆಚ್ಚಿದ್ದರೆ ಹೊಳ್ಳೆಗಳು ಅರಳಿ ಮುಚ್ಚಿಕೊಂಡು ಗಂಟಲಲ್ಲಿ ಉಗುಳು ಇಳಿಯುತ್ತಿತ್ತು. ಏನೂ ಇಲ್ಲದಿದ್ದರೆ ಅವಳು ಮತ್ತೊಮ್ಮೆ ಮೂಸುತ್ತಿದ್ದಳು, ಸಿಗಲೇಬೇಕು ಎನ್ನುವ ಹಾಗೆ. ಅದನ್ನು ನೋಡಿಕೊಂಡು ಮೂಗು ಮೇಡಂ ತಾನೂ ಬಗ್ಗಿ, ಕಣ್ಣು ಮುಚ್ಚಿ, ತೀರ್ಪು ಕೊಡುತ್ತಿದ್ದಳು. ಯಂತ್ರದ ವರದಿ ಬಂದಾಗಲೆಲ್ಲ ತೀರ್ಪು ಸರಿಯಿರುತ್ತಿತ್ತು.

ಮನೆಯಲ್ಲಿ ಬೇರೆಯೇ ಒಂದು ಪರಿಣಾಮವಾಗಿತ್ತು. ಗಂಡ ಅದೇ ಕಾರ್ಖಾನೆಯ ಕೊಯ್ಯುವ ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದ. "ನಾನು ಕೊಯ್ದು ಕಸ ಮಾಡೋದು, ನೀನು ಆ ಕಸ ಗುಡಿಸಿ ಹೆಸರು ಮಾಡೋದು," ಎನ್ನುವುದು ಅವನ ತಮಾಷೆ. ತಂತಿಯ ಮೇಲೆ ಸುರಿಯುವ ದ್ರವದ ವಾಸನೆ ಅವನ ಅಂಗಿಗೂ ಕೂದಲಿಗೂ ಹತ್ತಿರುತ್ತಿತ್ತು. ಮದುವೆಯಾದಾಗಿನಿಂದ ಆಕೆ ಬಾಗಿಲಲ್ಲೇ ಅವನನ್ನು ತಡೆದು, "ಮೊದಲು ಬಚ್ಚಲಿಗೆ ನಡೀರಿ," ಎನ್ನುತ್ತಿದ್ದಳು. ಜ್ವರದ ನಂತರ ಹೇಳುವುದು ನಿಂತುಹೋಯಿತು. ಗಂಡ ಮೊದಲ ದಿನ ಅಡುಗೆಮನೆ ಬಾಗಿಲಲ್ಲಿ ಅನುಮಾನದಿಂದ ನಿಂತ. ಎರಡನೆಯ ದಿನ ಒಳಗೆ ಬಂದು ಸ್ಟೂಲಿನ ಮೇಲೆ ಕೂತ. ಆಮೇಲೆ ಅದೇ ಅಭ್ಯಾಸವಾಯಿತು. ಆಕೆ ತರಕಾರಿ ಹೆಚ್ಚುವಾಗ ಪಕ್ಕದಲ್ಲಿ ಕೂತು ಶೆಡ್ಡಿನ ಸುದ್ದಿ ಹೇಳುತ್ತಿದ್ದ, ಕೆಲವೊಮ್ಮೆ ಆಕೆಯ ಭುಜಕ್ಕೆ ತಲೆ ಆನಿಸುತ್ತಿದ್ದ.

"ಏನೇ, ಈಗೀಗ ಬೈಯೋದೇ ಬಿಟ್ಟಿದ್ದೀಯಲ್ಲ? ವಯಸ್ಸಾಯ್ತು ಪಾಪ ಅಂತ ಕರುಣೆನಾ?"

"ಬೈದೂ ಬೈದೂ ಸಾಕಾಯ್ತು."

"ಇಷ್ಟು ವರ್ಷಕ್ಕೆ ಬುದ್ಧಿ ಬಂತು ಅನ್ನು."

ಅವನು ಅದನ್ನು ಒಲವೆಂದು ತಿಳಿದಿದ್ದ. ಆಕೆ ತಿದ್ದಲಿಲ್ಲ. ಇಪ್ಪತ್ತೈದು ವರ್ಷ ತನ್ನ ಮೂಗೇ ಇವನನ್ನು ಬಾಗಿಲಲ್ಲಿ ನಿಲ್ಲಿಸಿತ್ತು ಎಂಬುದು ಆಕೆಗೆ ಆಗ ಹೊಳೆದು, ಅದರಿಂದ ಸಂತೋಷಪಡಬೇಕೋ ಬೇಸರಪಡಬೇಕೋ ತಿಳಿಯಲಿಲ್ಲ.

ಆ ಸಮಯದಲ್ಲಿ ವಿಭಾಗದ ಮುಖ್ಯಸ್ಥ ಒಂದು ಪರೀಕ್ಷೆ ಗೊತ್ತುಮಾಡಿದ. ಮುಖ್ಯ ಕಟ್ಟಡದಲ್ಲಿ ಲೆಕ್ಕಪತ್ರ ವಿಭಾಗದ ಕೋಣೆಗೆ ಕಿಟಕಿಯಿಲ್ಲ. ಇಪ್ಪತ್ತು ಮಂದಿ ಬಾಗಿಲು ಹಾಕಿಕೊಂಡು ಉಸಿರಾಡಿ ಉಸಿರಾಡಿ ಮಧ್ಯಾಹ್ನದ ಹೊತ್ತಿಗೆ ಗಾಳಿ ಮಂದವಾಗಿ ಅರ್ಧ ಜನ ತೂಕಡಿಸುತ್ತಿದ್ದರು. ಅಲ್ಲಿ ಬೀರುವಿನಷ್ಟು ದೊಡ್ಡ ಪೆಟ್ಟಿಗೆಯಲ್ಲಿ ಕಾಳು ತುಂಬಿ, ಫ್ಯಾನಿಟ್ಟು, ಡೈಆಕ್ಸೈಡಿನ ಅಂಕಿ ಅರ್ಧಕ್ಕೆ ಇಳಿಯುವುದನ್ನು ಆಡಳಿತದವರಿಗೆ ತೋರಿಸಬೇಕು. ಹೊಸ ಲೋಡು ತಯಾರಾಯಿತು. ಯಂತ್ರ ರಿಪೇರಿಯಲ್ಲಿತ್ತು.

"ನಿಮ್ಮ ಮೂಗಿದೆಯಲ್ಲ ಮೇಡಂ, ಸಾಕು," ಎಂದ ಮುಖ್ಯಸ್ಥ.

ಕಡ್ಡಿ ಸೀಸೆಯನ್ನು ಬಿಸಿನೀರಿನಿಂದ ಎತ್ತಿ, ಒರೆಸಿ, ಬಿರಡೆ ತೆಗೆದು ಬಗ್ಗಿದಳು. ಹುಬ್ಬು ಏಳಲಿಲ್ಲ. ಹೊಳ್ಳೆ ಅಲುಗಲಿಲ್ಲ. ಮುಖ ನಿಂತ ನೀರಿನ ಹಾಗಿತ್ತು. ಎರಡನೆಯ ಸಲ ಮೂಸಲೂ ಇಲ್ಲ, ಸೀಸೆಯನ್ನು ಮುಂದೆ ತಳ್ಳಿದಳು. ಅಷ್ಟು ಶುದ್ಧವೇ ಎಂದು ಮೂಗು ಮೇಡಂಗೆ ಒಂದು ಗಳಿಗೆ ಅನ್ನಿಸಿತು. ತಾನೂ ಬಗ್ಗಿ, ಕಣ್ಣು ಮುಚ್ಚಿ, "ಚೆನ್ನಾಗಿದೆ, ಕಳಿಸಿ," ಎಂದಳು.

ಮರುದಿನ ಊಟದ ನಂತರ ಲೆಕ್ಕಪತ್ರದವರೆಲ್ಲ ಕಾರಿಡಾರಿನಲ್ಲಿ ನಿಂತಿದ್ದರು, ಮೂಗಿಗೆ ಕರವಸ್ತ್ರ ಹಿಡಿದು. ಹಿಡಿದ ಅನಿಲವನ್ನು ಸಿಲಿಂಡರಿಗೆ ಬಿಡಿಸಲು ಪೆಟ್ಟಿಗೆಯ ಕಾಳನ್ನು ಬಿಸಿ ಮಾಡಿದಂತೆ ವಾಸನೆ ಹೊರಟಿತ್ತು. ಗೋಡೆಯ ಮೇಲಿನ ಮೀಟರಿನ ಅಂಕಿ ಮಾತ್ರ ಹೇಳಿದ್ದಕ್ಕಿಂತ ಚೆನ್ನಾಗಿ ಇಳಿದಿತ್ತು.

"ಇಳಿಯದೆ ಏನು? ಉಸಿರಾಡೋರೆಲ್ಲ ಹೊರಗೆ ಓಡಿ ಬಂದಿದ್ದೀವಲ್ಲ!" ಎಂದು ಯಾರೋ ಅಂದರು.

ಲೆಕ್ಕಪತ್ರದ ಮೇಲ್ವಿಚಾರಕಿ ದಪ್ಪ ಕನ್ನಡಕದ ಗಟ್ಟಿಗಿತ್ತಿ. ಮುಖ್ಯಸ್ಥನನ್ನು ಕಂಡೊಡನೆ, "ಬೀರುವಿನಲ್ಲಿ ಗಾಳಿ ಶುದ್ಧ ಮಾಡೋದು ಇಟ್ಟಿದ್ದೀರೋ, ಸತ್ತ ಮೀನು ಇಟ್ಟಿದ್ದೀರೋ?" ಎಂದಳು.

ಪೆಟ್ಟಿಗೆ ಬಿಚ್ಚಲು ಕಡ್ಡಿ, ಮೂಗು ಮೇಡಂ ಇಬ್ಬರನ್ನೂ ಕರೆಸಿದರು. ಕಡ್ಡಿ ಬಾಗಿಲು ದಾಟಿ ಎರಡು ಹೆಜ್ಜೆ ಇಟ್ಟವಳು ಬಾಯಿಗೆ ಕೈ ಒತ್ತಿಕೊಂಡು ವಾಪಸು ಓಡಿದಳು. ಮೂಗು ಮೇಡಂ ಒಬ್ಬಳೇ ಒಳಗೆ ಹೋದಳು. ಫ್ಯಾನು ನಿಲ್ಲಿಸಿದಳು. ಕಾಳಿನ ಅರೆಗಳು ಕೈಸುಡುವಷ್ಟು ಬಿಸಿಯಿದ್ದವು, ಆರುವ ತನಕ ಮುಟ್ಟುವ ಹಾಗಿರಲಿಲ್ಲ. ಯಾರದೋ ಕುರ್ಚಿ ಎಳೆದು ಕೂತಳು. ಅಂದು ಊಟ ಮಾಡಿರಲಿಲ್ಲ, ಚೀಲದಲ್ಲಿ ಬಿಸ್ಕತ್ತಿತ್ತು, ತಿಂದಳು. ತಲೆಯೆತ್ತಿದಾಗ ಬಾಗಿಲ ಗಾಜಿನಾಚೆ ಏಳೆಂಟು ಮುಖಗಳು ಅವಳನ್ನೇ ನೋಡುತ್ತಿದ್ದವು.

"ಅಬ್ಬಾ, ಆಯಮ್ಮನ ಗುಂಡಿಗೆ ನೋಡ್ರಿ," ಎಂದಿತು ಒಂದು ದನಿ.

ಅರೆಗಳನ್ನು ಚೀಲಗಳಿಗೆ ಸುರಿದು ಬಾಯಿ ಕಟ್ಟಿ ಹೊರಗೆ ಬಂದಾಗ ಮುಖ್ಯಸ್ಥ ಕಾರಿಡಾರಿನ ತುದಿಯಲ್ಲಿ ನಿಂತಿದ್ದ. "ನಿಮ್ಮ ಮೂಗು ತಪ್ಪೋದಿಲ್ಲ ಮೇಡಂ. ನೀವು ನೋಡಿದ್ದು ಒಂದು ಲೋಡು, ತುಂಬಿಸಿದ್ದು ಇನ್ನೊಂದು. ತುಂಬಿಸಿದ್ದು ಯಾರು ಅಂತ ನನಗೆ ಗೊತ್ತು. ನಾಳೆ ಬೆಳಿಗ್ಗೆ ಇಬ್ಬರೂ ನನ್ನ ರೂಮಿಗೆ ಬನ್ನಿ," ಎಂದ. ತುಂಬಿಸಿದ್ದು ಕಡ್ಡಿ. ಅವಳ ಕೆಲಸ ಖಾಯಂ ಆಗುವ ಪತ್ರ ಮುಖ್ಯಸ್ಥನ ಸಹಿಗೆ ಕಾದಿತ್ತು. ಮೂಗು ಮೇಡಂ ತಲೆಯಾಡಿಸಿ ಅವಳನ್ನು ಹುಡುಕಿಕೊಂಡು ಹೊರಟಳು.

ಹೆಂಗಸರ ಕೋಣೆಯಲ್ಲಿ ಕಡ್ಡಿ ನಲ್ಲಿಗೆ ಬಗ್ಗಿ ಬಾಯಿ ತೊಳೆಯುತ್ತಿದ್ದಳು. ಕನ್ನಡಿಯಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

"ಅಕ್ಕ, ಒಳಗೆ ಅಷ್ಟು ಹೊತ್ತು ಹೇಗೆ ಕೂತ್ರಿ? ನಿಮಗೆ ವಾಸನೆ ಬರಲಿಲ್ವಾ?"

"ಸೀಸೆ ಮೂಸಿದಾಗ ನಿನಗೆ ಬರಲಿಲ್ವಾ?"

ಕಡ್ಡಿ ನಲ್ಲಿ ನಿಲ್ಲಿಸಿದಳು. "ನಾನು ಮೂಸಲಿಲ್ಲ ಅಕ್ಕ. ಉಸಿರು ಬಿಗಿ ಹಿಡಿದಿದ್ದೆ." ಬಾಯಿ ಒರೆಸಿಕೊಂಡಳು. "ಮೂರನೇ ಬಸುರು. ಹಿಂದಿನ ಎರಡು ನಿಲ್ಲಲಿಲ್ಲ, ನಿಮಗೆ ಗೊತ್ತಲ್ಲ. ಹೇಳಿದ್ರೆ ಬಸುರಿಯರು ಅಮೈನ್ ಹತ್ತಿರ ಇರಬಾರದು ಅಂತ ಮನೆಗೆ ಕಳಿಸ್ತಾರೆ, ಪತ್ರ ಬರೋದಿಲ್ಲ. ಪತ್ರ ಒಂದು ಬಂದ್ಬಿಡಲಿ ಅಂತ... ನೀವು ಹೇಗೂ ಮೂಸ್ತೀರಲ್ಲ ಅನ್ಕೊಂಡೆ."

"ನೀನು ಮೂಸ್ತೀಯಲ್ಲ ಅನ್ಕೊಂಡೆ ನಾನು."

ಕಡ್ಡಿಗೆ ಅರ್ಥವಾಗಲು ಕೊಂಚ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವಳು ಗೋಡೆಗೆ ಒರಗಿದಳು. ಮೂಗು ಮೇಡಂಗೆ ಏಕೋ ನಗು ಬಂತು, ತಡೆಯಲಾಗದಂಥ ನಗು. ಅದು ಕಡ್ಡಿಗೂ ಅಂಟಿತು. ನಗುತ್ತ ನಗುತ್ತ ಅವಳಿಗೆ ಮತ್ತೆ ವಾಂತಿ ಬಂತು. ಹಿರಿಯವಳು ಅವಳ ಬೆನ್ನು ನೀವಿದಳು.

"ಅಕ್ಕ, ನಾಳೆ ಏನು ಹೇಳ್ತೀರಿ?"

"ಗೊತ್ತಿಲ್ಲ," ಎಂದಳು ಆಕೆ. ಅದು ನಿಜವಾಗಿತ್ತು.

ಸಂಜೆ ಗಂಡ ಬಂದು ಎಂದಿನಂತೆ ಸ್ಟೂಲಿನ ಮೇಲೆ ಕೂತ. ಯಾವುದೋ ತಂತಿ ತುಂಡಾದ ಕಥೆ ಹೇಳುತ್ತಿದ್ದ. ಆಕೆ ಚಾಕು ಕೆಳಗಿಟ್ಟಳು.

"ರೀ, ನನಗೆ ವಾಸನೆ ಬರೋದಿಲ್ಲ."

"ಯಾವ ವಾಸನೆ?"

"ಯಾವುದೂ. ಆ ಜ್ವರ ಬಂತಲ್ಲ, ಆವತ್ತಿಂದ."

ಅವನು ಅಂಗಿಯ ಕಾಲರನ್ನು ಮೂಗಿಗೆ ಹಿಡಿದು ನೋಡಿದ. ಎದ್ದು ಬಚ್ಚಲಿಗೆ ಹೋದ. ನೀರಿನ ಸದ್ದು ಬಹಳ ಹೊತ್ತು ಕೇಳಿಸಿತು. ಒದ್ದೆ ತಲೆಯಲ್ಲಿ ಬಂದು ಸ್ಟೂಲಿನ ಬದಲು ಊಟದ ಮೇಜಿನ ಆಚೆಗಿನ ಕುರ್ಚಿಯಲ್ಲಿ ಕೂತ.

"ಹೇಳಬಾರದಿತ್ತಾ?"

"ಹೇಳಿದ್ರೆ ನೀವು ಸ್ನಾನಕ್ಕೆ ಹೋಗ್ತಿದ್ರಿ."

ಅವನು ಕುರ್ಚಿಯಿಂದ ಏಳಲಿಲ್ಲ. ಕೆಲಸದ ಮಾತೆತ್ತಿದ. ಆಕೆ ನಡೆದದ್ದನ್ನೆಲ್ಲ ಹೇಳಿದಳು, ಕಡ್ಡಿಯ ಹೊಟ್ಟೆಯ ವಿಷಯ ಒಂದನ್ನು ಬಿಟ್ಟು.

"ನಾಳೆ ಬಾಯಿ ಬಿಟ್ರೆ ಮೇಜು ಹೋಗುತ್ತೆ ನಿಂದು."

"ಹೌದು."

"ಬಿಡದಿದ್ರೆ?"

"ಆ ಹುಡುಗಿ ಹೋಗ್ತಾಳೆ."

"ಲೋಡು ಬದಲಾಯಿಸಿದ್ದು ಅವಳಲ್ಲ ಅಂತ ನಿನಗೆ ಖಾತ್ರಿನಾ?"

"ಖಾತ್ರಿ."

"ಮತ್ತೆ ನನ್ನ ಯಾಕೆ ಕೇಳ್ತೀಯ?"

ಆಕೆ ಕೇಳಿರಲಿಲ್ಲ. ಆದರೆ ಅವನು ಹಾಗೆಂದ ಮೇಲೆ, ಕೇಳಿದ್ದೆ ಎಂದೇ ಅನ್ನಿಸಿತು.

ಬೆಳಿಗ್ಗೆ ಮುಖ್ಯಸ್ಥನ ಕೋಣೆಯಲ್ಲಿ ಲೆಕ್ಕಪತ್ರದ ಮೇಲ್ವಿಚಾರಕಿಯೂ ಇದ್ದಳು. ಕಡ್ಡಿ ಬಾಗಿಲ ಪಕ್ಕದಲ್ಲಿ ನಿಂತಿದ್ದಳು. ಮುಖ್ಯಸ್ಥ ಮೂಗು ಮೇಡಂಗಿಂತ ಹತ್ತು ವರ್ಷ ಚಿಕ್ಕವನು, ಕೆಟ್ಟವನಲ್ಲ, ಅವಸರದವನು. ಕಡ್ಡಿಯ ಕಡೆ ತಿರುಗಿ ಅವನು ಮಾತು ಶುರುಮಾಡುವ ಮೊದಲೇ ಮೂಗು ಮೇಡಂ, "ಲೋಡು ಬದಲಾಗಿಲ್ಲ ಸಾರ್. ನಾನು ನೋಡಿದ್ದೇ ಅದು. ನನಗೆ ವಾಸನೆ ಬರೋದಿಲ್ಲ," ಎಂದಳು.

ಮುಖ್ಯಸ್ಥ ನಕ್ಕ. "ದೊಡ್ಡ ಮನಸ್ಸು ನಿಮ್ದು. ಹುಡುಗೀನ ಉಳಿಸೋಕೆ ಹೀಗೆಲ್ಲ ಹೇಳಬೇಡಿ."

"ನಿಜ ಸಾರ್. ತಿಂಗಳುಗಳಾಯ್ತು."

ಅವನು ಎದ್ದು ಹೋಗಿ ಮೂರು ಸೀಸೆ ತಂದ. ಆಕೆ ಒಂದೊಂದನ್ನೂ ಮೂಸಿ, "ಮೂರೂ ಒಂದೇ," ಎಂದಳು.

"ಬೇಕಂತಲೇ ಹೇಳ್ತಿದ್ದೀರಿ ನೀವು."

ಇಪ್ಪತ್ತು ವರ್ಷ ತನ್ನ ಮೂಗನ್ನು ಯಾರೂ ಪರೀಕ್ಷಿಸದೆ ನಂಬಿದ್ದರು. ಈಗ ಅದು ಸತ್ತಿದೆ ಎಂದರೆ ಪರೀಕ್ಷಿಸಿದರೂ ನಂಬುವವರಿಲ್ಲ. ಸಮರ್ಥ ಎಂದು ತೋರಿಸುವುದಕ್ಕಿಂತ ಅಸಮರ್ಥ ಎಂದು ತೋರಿಸುವುದು ಇಷ್ಟು ಕಷ್ಟವೇ ಎಂದು ಆಕೆ ಬೇರೆಯವರ ವಿಷಯ ಎಂಬಂತೆ ಯೋಚಿಸುತ್ತ ನಿಂತಳು.

ಆಗ ಮೇಲ್ವಿಚಾರಕಿ ಕನ್ನಡಕ ಸರಿಮಾಡಿಕೊಂಡು, "ಅಲ್ಲ ಸಾರ್, ನಿನ್ನೆ ಇವರು ಒಳಗೆ ಕೂತು ಬಿಸ್ಕತ್ತು ತಿಂದ್ರು!" ಎಂದಳು.

"ಏನು?"

"ಬಿಸ್ಕತ್ತು. ಆ ನಾತದಲ್ಲಿ. ನಿಧಾನಕ್ಕೆ, ಚೂರೂ ಬಿಡದೆ. ನಾವೆಲ್ಲ ಗಾಜಿನಲ್ಲಿ ನೋಡಿದ್ವಿ. ಮೂಗಿರೋ ಯಾರಾದ್ರೂ ತಿನ್ನೋಕಾಗುತ್ತಾ? ನಾನು ರಾತ್ರಿ ಊಟಾನೇ ಮಾಡಲಿಲ್ಲ."

ಮುಖ್ಯಸ್ಥ ಕುರ್ಚಿಗೆ ಒರಗಿದ. "ಹಾಗಾದ್ರೆ ಇಷ್ಟು ದಿನ ಸರಿಯಾಗಿ ಹೇಗೆ ಹೇಳ್ತಿದ್ರಿ?"

"ಇವಳ ಮುಖ ನೋಡಿ."

"ಮತ್ತೆ ಈ ಲೋಡಿಗೆ ಇವಳ ಮುಖ ಏನು ಹೇಳ್ತು?"

ಕಡ್ಡಿಯ ಕೈ ಬಾಗಿಲ ಹಿಡಿಯನ್ನು ಬಿಗಿಯಾಗಿ ಹಿಡಿದದ್ದು ಆಕೆಗೆ ಕಾಣಿಸಿತು. "ಆವತ್ತು ನಾನು ಇವಳ ಕಡೆ ನೋಡಲಿಲ್ಲ ಸಾರ್. ಏನೋ ಯೋಚನೆಯಲ್ಲಿದ್ದೆ. ಸುಮ್ಮನೆ ಕಳಿಸಿ ಅಂದ್ಬಿಟ್ಟೆ," ಎಂದಳು. ಅಷ್ಟು ಸಲೀಸಾಗಿ ಸುಳ್ಳು ಬಂದದ್ದಕ್ಕೆ ಆಕೆಗೇ ಆಶ್ಚರ್ಯವಾಯಿತು.

ಮುಖ್ಯಸ್ಥ ಪೆನ್ನು ತಿರುಗಿಸುತ್ತ ಕಡ್ಡಿಯ ಕಡೆ ನೋಡಿದ. "ಅಂದ್ರೆ ಇಷ್ಟು ತಿಂಗಳು ಈ ವಿಭಾಗಕ್ಕೆ ಮೂಗು ನೀವೇ ಆಗಿದ್ರಿ. ಸರಿ. ನಾಳೆಯಿಂದ ಮೂಸುವ ಮೇಜು ನಿಮ್ದು. ನಿಮ್ಮ ಪತ್ರಕ್ಕೆ ಇವತ್ತೇ ಸಹಿ ಹಾಕ್ತೀನಿ."

ಕಡ್ಡಿ ಮೂಗು ಮೇಡಂ ಕಡೆ ನೋಡಿದಳು, ಎಂದಿನ ಅಭ್ಯಾಸದಿಂದ, ಏನು ಮಾಡಲಿ ಎನ್ನುವ ಹಾಗೆ. ಮೂಗು ಮೇಡಂ ತುಟಿ ಬಿಗಿಹಿಡಿದಳು. ಮೇಜು ತನ್ನದು, ಕಳೆದುಕೊಂಡಾಗಿತ್ತು. ಕಡ್ಡಿಯ ಈ ಗುಟ್ಟು ತನ್ನದಲ್ಲ. ಸಹಿ ಹಾಕಿಸಿಕೊಂಡು ಇನ್ನೂ ಕೆಲವು ವಾರ ಉಸಿರು ಬಿಗಿಹಿಡಿದು ಕೂರುವವರೂ ಇದ್ದಾರೆ ಲೋಕದಲ್ಲಿ. ಇವಳು ಅದನ್ನೇ ಆರಿಸಿಕೊಂಡರೂ ತಾನು ಏನೂ ಅನ್ನುವುದಿಲ್ಲ ಎಂದುಕೊಂಡಳು.

"ಸಾರ್," ಎಂದಳು ಕಡ್ಡಿ. "ನಾನು ಮೂಸೋ ಹಾಗಿಲ್ಲ." ಕಾರಣವನ್ನೂ ಹೇಳಿದಳು. ಉಸಿರು ಹಿಡಿದದ್ದನ್ನೂ ಹೇಳಿಬಿಟ್ಟಳು, ಕೇಳದಿದ್ದರೂ.

ಮೇಲ್ವಿಚಾರಕಿ "ಅಯ್ಯೋ ನನ್ನವ್ವ," ಎಂದು ಎದ್ದು ತನ್ನ ಕುರ್ಚಿಯನ್ನು ಅವಳ ಕಡೆ ತಳ್ಳಿದಳು.

ಮುಖ್ಯಸ್ಥ ಇಬ್ಬರನ್ನೂ ನೋಡಿದ. "ಒಬ್ಬರಿಗೆ ಬರೋದಿಲ್ಲ, ಇನ್ನೊಬ್ಬರು ಮೂಸೋದಿಲ್ಲ. ಆದ್ರೂ ಮೇಜಿನ ಎರಡು ಕಡೆ ಕೂತು ಗಂಭೀರವಾಗಿ ತೀರ್ಪು!" ಎಂದ. ನಗುತ್ತಾನೆಂದು ಒಂದು ಕ್ಷಣ ಅನ್ನಿಸಿತು, ನಗಲಿಲ್ಲ. ಇನ್ನು ಮೇಲೆ ಎಷ್ಟೇ ತಡವಾಗಲಿ ಪ್ರತಿ ಲೋಡೂ ಯಂತ್ರಕ್ಕೆ ಕಾಯಬೇಕು ಎಂದ. ಕಡ್ಡಿ ಇವತ್ತಿನಿಂದಲೇ ಮಹಡಿಯ ಕಂಪ್ಯೂಟರಿನ ಮುಂದೆ ಕೂರಲಿ, ಪತ್ರದ ವಿಷಯ ಮೇಲಿನವರನ್ನು ಕೇಳಿ ಹೇಳುತ್ತೇನೆ, ಮಾತು ಕೊಡುವುದಿಲ್ಲ ಎಂದ. ಆಮೇಲೆ ಮೂಗು ಮೇಡಂ ಕಡೆ ತಿರುಗಿದ.

"ಹಿಂದಿನ ಅಂಗಳದಲ್ಲಿ ಕೆಸರಿನ ಪೀಪಾಯಿ ಇಳಿಸಿಕೊಳ್ಳೋಕೆ ಜನ ಬೇಕು. ಆ ವಾಸನೆಗೆ ಅಲ್ಲಿ ಯಾರೂ ಹೆಚ್ಚು ದಿನ ನಿಲ್ಲೋದಿಲ್ಲ. ನಿಮಗೆ... ಪರವಾಗಿಲ್ಲ ಅಲ್ವಾ?"

ಚುಚ್ಚಬೇಕೆಂದು ಅವನು ಕೇಳಿರಲಿಲ್ಲ. ಲೆಕ್ಕಹಾಕಿ ಕೇಳಿದ್ದ. ಚುಚ್ಚಿದ್ದರೆ ಬೇಸರಪಡಬಹುದಿತ್ತು.

"ಪರವಾಗಿಲ್ಲ," ಎಂದಳು ಆಕೆ.

ಅಂಗಳಕ್ಕೆ ತಗಡಿನ ಸೂರು, ಮೂರು ಕಡೆ ಗೋಡೆ. ಮೊದಲ ದಿನ ಬೆಳಿಗ್ಗೆಯೇ ಕೊಯ್ಯುವ ಶೆಡ್ಡಿನಿಂದ ಟ್ರಾಲಿ ಬಂತು. ತಂದವನು ಮೂಗು ಹಿಡಿದುಕೊಂಡು ಪೀಪಾಯಿಗಳನ್ನು ಇಳಿಸಿ, "ಸಹಿ ಬೇಗ ಹಾಕಿ ಅಕ್ಕ, ಇಲ್ಲಿ ನಿಲ್ಲೋಕಾಗಲ್ಲ," ಎಂದ.

"ನಿಲ್ಲು," ಎಂದಳು ಆಕೆ.

ಮೊದಲ ಪೀಪಾಯಿಯ ಮುಚ್ಚಳ ಉಬ್ಬಿತ್ತು. ಒದ್ದೆ ಸಿಲಿಕಾನ್ ಹೊಟ್ಟು ಸುಮ್ಮನಿರುವುದಿಲ್ಲ, ನೀರಿನೊಂದಿಗೆ ಸೇರಿ ಒಳಗೊಳಗೇ ಜಲಜನಕ ಬಿಡುತ್ತದೆ. ಬಿಗಿದು ಮುಚ್ಚಿದರೆ ಪೀಪಾಯಿ ಸಿಡಿಯಬಹುದು. ಆ ಅನಿಲಕ್ಕೆ ವಾಸನೆಯಿಲ್ಲ, ಯಾರ ಮೂಗಿಗೂ. ಆಕೆ ಬದಿಗೆ ನಿಂತು ಮುಚ್ಚಳವನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸಿದಳು. ಬುಸ್ ಎಂದು ಗಾಳಿ ಹೊರಟಿತು. ಒಳಗೆ ಬೂದು ಕೆಸರಿನ ಮೇಲೆ ಗುಳ್ಳೆಗಳು ನಿಧಾನವಾಗಿ ಎದ್ದು ಒಡೆಯುತ್ತಿದ್ದವು.

"ಯಾರು ಇದನ್ನ ಇಷ್ಟು ಬಿಗಿ ಮಾಡಿದ್ದು?"

"ನಾತ ಬರುತ್ತೆ ಅಂತ ಅಲ್ಲಿ ಎಲ್ಲರೂ ಹಾಗೇ ಮುಚ್ತಾರೆ ಅಕ್ಕ."

"ಬರಲಿ ಬಿಡು. ಸಡಿಲ ಇಡೋಕೆ ಹೇಳು," ಎಂದು ಆಕೆ ಎರಡನೆಯ ಪೀಪಾಯಿಯ ಕಡೆ ನಡೆದಳು.